ಗೋಡೆ ಹಾಡಿದ ಗುರುವಾರ

ಸೋಮವಾರ ಬೆಳಗ್ಗೆ ಹೆರಾತಿನಿಂದ ತಾಲಿಬಾನರ ಕೊನೆಯ ಗಾಡಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗುಲಂದಾಮಳ ಗಂಡ ಘೌಸುದ್ದೀನ ಪಿಕಾಸಿ ಹಿಡಿದು ಅಡುಗೆಮನೆಯ ಗೋಡೆಯ ಮುಂದೆ ನಿಂತಿದ್ದ. ಊರಿಗೆ ಊರೇ ಬೀದಿಗಿಳಿದು ಕುಣಿಯುತ್ತಿದ್ದರೆ ಈ ಮನುಷ್ಯ ಸ್ವಂತ ಮನೆ ಕೆಡವಲು ಹೊರಟಿದ್ದ.

"ಮಾಹಗುಲ್ ಅಪ್ಪಾ, ಇಷ್ಟು ವರ್ಷ ರಾಕೆಟ್ಟಿಗೂ ಬೀಳದ ಗೋಡೆ ಇದು," ಎಂದಳು ಗುಲಂದಾಮ್, ಎಂದಿನಂತೆ ಹಿರಿಮಗಳ ಹೆಸರಿನಿಂದ ಗಂಡನನ್ನು ಕರೆದು. "ಈಗ ನಿಮ್ಮ ಕೈಯಲ್ಲಿ ಬೀಳ್ಬೇಕಾ?"

"ಒಂದೇ ಒಂದು ಕಡೆ ನೋಡ್ತೀನಿ. ಇಲ್ಲದಿದ್ರೆ ಮುಚ್ಚಿಬಿಡ್ತೀನಿ."

ಒಂದೇ ಕಡೆ ಎಂದವನು ಬುಧವಾರ ಸಂಜೆಯೊಳಗೆ ಒಂಬತ್ತು ಕಡೆ ಅಗೆದಿದ್ದ. ಒಂದನ್ನೂ ಮುಚ್ಚಿರಲಿಲ್ಲ.

ಅವನು ಹುಡುಕುತ್ತಿದ್ದುದು ತನ್ನ ರಬಾಬನ್ನು, ಒಂದು ಕಾಲಕ್ಕೆ ಅವನಿಗೆ ಅನ್ನ ಕೊಟ್ಟ ತಂತಿವಾದ್ಯವನ್ನು. ಆರು ವರ್ಷದ ಹಿಂದೆ ತಾಲಿಬಾನರು ಊರಿಗೆ ಬಂದು ವಾದ್ಯಗಳನ್ನು ಚೌಕದಲ್ಲಿ ರಾಶಿ ಹಾಕಿ ಸುಡತೊಡಗಿದಾಗ, ಗುಲಂದಾಮಳ ತಮ್ಮ ಶರ್ಬತ್ ಅಕ್ಕ ಬಾವನನ್ನು ಎರಡು ದಿನ ಹಳ್ಳಿಗೆ ಅಟ್ಟಿದ. ಅವನು ಗಾರೆ ಕೆಲಸದವನು. ಎರಡಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಎಲ್ಲೋ ಒಂದು ಗೂಡು ಕೊರೆದು, ರಬಾಬನ್ನು ಒಳಗೆ ನಿಲ್ಲಿಸಿ, ಹಲಗೆ ಬಡಿದು, ಗುರುತು ಸಿಗಬಾರದೆಂದು ಇಡೀ ಮನೆಗೇ ಹುಲ್ಲುಮಣ್ಣಿನ ಹೊಸ ಗಿಲಾವು ಎಳೆದ. ಎಲ್ಲಿಟ್ಟೆ ಎಂದರೆ ಮಾತ್ರ ತುಟಿ ಬಿಚ್ಚಲಿಲ್ಲ. ಗೊತ್ತಿಲ್ಲದ್ದನ್ನು ಎಷ್ಟು ಹೊಡೆದರೂ ಬಾವ ಬಾಯಿ ಬಿಡಲಾರ ಎಂಬುದು ಅವನ ಲೆಕ್ಕಾಚಾರ. ಬುದ್ಧಿವಂತಿಕೆಯೇನೋ ಸರಿ. ಆದರೆ ಮರುವರ್ಷ ಕೆಲಸ ಹುಡುಕಿಕೊಂಡು ಇರಾನಿಗೆ ಹೊರಟವನು ಗಡಿಯ ದಾರಿಯಲ್ಲಿ ನೆಲಬಾಂಬು ತುಳಿದ. ಇಪ್ಪತ್ತಾರು ವರ್ಷದ ಹುಡುಗ. ಗುಲಂದಾಮ್ ಇವತ್ತಿಗೂ ಅವನ ಹೆಸರು ಬಂದರೆ ಮಾತು ನಿಲ್ಲಿಸುತ್ತಾಳೆ.

ಘೌಸುದ್ದೀನನಿಗೆ ಇನ್ನೊಂದು ಕೊರಗಿತ್ತು. ವಾದ್ಯವನ್ನು ಎತ್ತಿಡುವ ಮೊದಲು ತಂತಿ ಸಡಿಲಿಸಬೇಕು, ಇಲ್ಲದಿದ್ದರೆ ಅದರ ಕತ್ತು ಬಾಗುತ್ತದೆ. ಗಾರೆಯವನಿಗೆ ಅದೇನು ಗೊತ್ತು? ಹೇಳಲು ತಾನೇ ಮರೆತೆನಲ್ಲ ಎಂದು ಆರು ವರ್ಷ ತಲೆ ಚಚ್ಚಿಕೊಂಡಿದ್ದ.

ಹೊಟ್ಟೆಪಾಡಿಗೆ ಅವನು ಪಿಂಜಾರನಾದ. ಬೇರೆ ಕಸುಬು ಸಿಗಲಿಲ್ಲವೆಂದಲ್ಲ. ಹತ್ತಿ ಹಿಂಜುವ ಬಿಲ್ಲಿಗೆ ಒಂದು ನರದ ತಂತಿ ಇರುತ್ತದೆ, ಬಡಿದರೆ ಮಿಡಿಯುತ್ತದೆ, ಅದಕ್ಕೆ ನಿಷೇಧ ಇರಲಿಲ್ಲ. ಒಮ್ಮೆ ಕಾವಲಿನವರು ಅಂಗಡಿಗೆ ನುಗ್ಗಿ, ಹತ್ತಿಗೆ ತಾಳ ಯಾಕೆ ಎಂದು ಗದರಿಸಿದರು. ಚಳಿಗೆ ಕೈ ನಡುಗುತ್ತಿದೆ ಎಂದು ಹೇಳಿ ಬಚಾವಾದ. ಅದು ಜುಲೈ ತಿಂಗಳು.

ಗುರುವಾರ ಕಿರಿಯ ಮಗಳು ನಸ್ತರನಳ ಮದುವೆ. ಶನಿವಾರ ರಂಜಾನ್ ಶುರು, ಆದ್ದರಿಂದ ದಿನ ಮುಂದೆ ಹಾಕುವಂತಿರಲಿಲ್ಲ. ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ಅಪ್ಪ ಇಬ್ಬರಿಗೂ ಮಾತು ಕೊಟ್ಟಿದ್ದ: ಮದುವಣಗಿತ್ತಿಯಾಗಿ ನಿಧಾನ ಹೆಜ್ಜೆ ಇಟ್ಟು ಹೊರಗೆ ಬರುವಾಗ ನಾನೇ ರಬಾಬ್ ನುಡಿಸುತ್ತೇನೆ. ಹಿರಿಯವಳು ಮಾಹಗುಲ್ ಮೂರು ವರ್ಷದ ಹಿಂದೆ ಹೊರಬಂದಾಗ ನುಡಿಸುವುದಿರಲಿ, ಚಪ್ಪಾಳೆ ತಟ್ಟಲೂ ಯಾರಿಗೂ ಧೈರ್ಯವಿರಲಿಲ್ಲ. ಬೀದಿಯ ತುದಿಯಲ್ಲಿ ಕಾವಲಿತ್ತು. ಅವಳ ಚಪ್ಪಲಿ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಇನ್ನೊಬ್ಬಳನ್ನು ಹಾಗೆ ಕಳಿಸಲಾರೆ ಎಂದು ಅವನು ಹಟ ಹಿಡಿದಿದ್ದ, ಬೀಗರು ಟೇಪ್ ರೆಕಾರ್ಡರ್ ತರುತ್ತೇವೆ ಎಂದರೆ ಅವರ ಮೇಲೇ ಸಿಡುಕಿದ.

ಬಡಿದು ನೋಡಿದರೆ ಟೊಳ್ಳೆಲ್ಲಿ ಎಂದು ತಿಳಿಯಬೇಕಿತ್ತು. ಆದರೆ ಇಲಿಗಳು ಕೊರೆದ ಹಳೆಯ ಮನೆ, ಬಡಿದಲ್ಲೆಲ್ಲ ಟೊಳ್ಳು. ದೊಡ್ಡ ಕೋಣೆಯ ಒಂದು ಗೋಡೆಯನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅಲ್ಲಿ ನೆಂಟರಿಗೆಂದು ಹಾಸಿಗೆಗಳನ್ನು ಸೂರಿನ ತನಕ ಪೇರಿಸಿಟ್ಟ ಗುಲಂದಾಮ್, ಅದರ ಹತ್ತಿರ ಸುಳಿದರೆ ಮದುವೆಯ ಪಲಾವಿನಲ್ಲಿ ನಿಮಗೆ ಪಾಲಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಗುರುವಾರ ಬೆಳಗ್ಗೆ ಹಾಸಿಗೆಗಳನ್ನೆಲ್ಲ ನೆಲಕ್ಕೆ ಹರಡಿದ್ದಾಯಿತು. ಹೆಂಗಸರು ಬುರ್ಖಾ ಬಿಸಾಕಿ, ಆರು ವರ್ಷ ಹಿಟ್ಟಿನ ಜರಡಿಗಳ ನಡುವೆ ಬಚ್ಚಿಟ್ಟಿದ್ದ ತಮಟೆಗಳನ್ನು ಹೊರತೆಗೆದರು. ಪಕ್ಕದ ಮನೆಯ ಬೀಬಿ ನೇಕಬಖ್ತಳೂ ಬಂದಳು. ಆಕೆಯ ಕಂಠ ಅಂದರೆ ಇಡೀ ಕೇರಿಗೇ ಅಂಜಿಕೆ. ಈಯಮ್ಮ ಹಾಡಿದರೆ ಗೋಡೆ ಬಿರುಕು ಬಿಡುತ್ತದೆ ಎಂದು ಘೌಸುದ್ದೀನ ಮೊದಲಿನಿಂದಲೂ ಆಡಿಕೊಳ್ಳುತ್ತಿದ್ದ.

ತಮಟೆ ಶುರುವಾಯಿತು. ಗುಲಂದಾಮ್ ಸಕ್ಕರೆ ಬಾದಾಮಿಯ ತಟ್ಟೆ ಹಿಡಿದು, ಹಾಸಿಗೆ ಪೇರಿಸಿದ್ದ ಆ ಗೋಡೆಗೆ ಒರಗಿ ನಿಂತಿದ್ದಳು. ನೇಕಬಖ್ತ್ ಕಣ್ಣು ಮುಚ್ಚಿ, ಕೈ ಕಿವಿಗಿಟ್ಟು, ಒಂದೇ ಸ್ವರವನ್ನು ಮೇಲಕ್ಕೆ ಎಳೆದಳು, ಎಳೆದೇ ಎಳೆದಳು. ಉಸಿರು ಮುಗಿದು ನಿಲ್ಲಿಸಿದಾಗ ಗುಲಂದಾಮಳ ಬೆನ್ನಲ್ಲಿ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ಜೇನುನೊಣವೇ ಎಂದುಕೊಂಡಳು. ಈ ಚಳಿಯಲ್ಲಿ ಎಲ್ಲಿಯ ಜೇನುನೊಣ?

ಆಗ ಹೊಳೆಯಿತು. ರಬಾಬಿನ ದಪ್ಪ ತಂತಿಗಳ ಕೆಳಗೆ ಸಣ್ಣ ಉಕ್ಕಿನ ತಂತಿಗಳ ಸಾಲಿರುತ್ತದೆ. ಅವುಗಳನ್ನು ಯಾರೂ ಮೀಟುವುದು ಬೇಡ, ತಮ್ಮ ಸ್ವರ ಹತ್ತಿರದಲ್ಲಿ ಕೇಳಿದರೆ ಸಾಕು, ತಾವೇ ಮಿಡಿಯುತ್ತವೆ. ತಟ್ಟೆ ಅವಳ ಕೈಯಿಂದ ಜಾರಿತು.

"ಖಾಲಾ, ಇನ್ನೊಂದ್ ಸಲ ಕೂಗಿ," ಎಂದಳು ಗುಲಂದಾಮ್.

"ಕೂಗೋದಲ್ಲಮ್ಮ, ಹಾಡೋದು ಅನ್ನು."

"ಹಾಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಹಾಡಿ."

ನೇಕಬಖ್ತ್ ಇನ್ನೊಮ್ಮೆ ಎಳೆದಳು. ಹದಿನೈದು ಹೆಂಗಸರು ಉಸಿರು ಬಿಗಿಹಿಡಿದು ಗೋಡೆಗೆ ಕಿವಿ ಹಚ್ಚಿದರು. ಗೋಡೆ ಉತ್ತರ ಕೊಟ್ಟಿತು. ಆರು ವರ್ಷ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹಾಡಿರಲಿಲ್ಲ, ಅದಕ್ಕೇ ಅದೂ ಸುಮ್ಮನಿತ್ತು. ಶರ್ಬತ್ ತಂತಿ ಸಡಿಲಿಸಿದ್ದರೆ ಇವತ್ತೂ ಸುಮ್ಮನೇ ಇರುತ್ತಿತ್ತು. ಗುಲಂದಾಮ್ ಗೋಡೆಗೆ ಕೆನ್ನೆಯೊತ್ತಿ, ಅತ್ತು, ನಕ್ಕು, ಸತ್ತ ತಮ್ಮನನ್ನು ಹೆಸರು ಹಿಡಿದು ಕತ್ತೆ ಎಂದು ಬೈದಳು.

ಘೌಸುದ್ದೀನ ಪಿಕಾಸಿ ಹಿಡಿದು ಓಡಿ ಬಂದ. ಅವಳು ಅದನ್ನು ಕಿತ್ತುಕೊಂಡು ಅಡುಗೆಮನೆಯ ಚಾಕು ಕೊಟ್ಟಳು. ಗಿಲಾವು ಕೆರೆದು ಹಲಗೆ ಎತ್ತಿದಾಗ ರಬಾಬ್ ಗೂಡಿನೊಳಗೆ ನೆಟ್ಟಗೆ ನಿಂತಿತ್ತು. ಕತ್ತು ಒಂದಿಷ್ಟು ಬಾಗಿತ್ತು. ನನ್ನದೂ ಬಾಗಿದೆ ಬಿಡು ಎಂದ ಅವನು. ನರದ ಮೂರು ದಪ್ಪ ತಂತಿಗಳಲ್ಲಿ ಒಂದು ಹರಿದಿತ್ತು. ಅಂಗಡಿಯಿಂದ ಹತ್ತಿ ಹಿಂಜುವ ಬಿಲ್ಲನ್ನು ತರಿಸಿ, ಅದರ ತಂತಿಯ ಹುರಿ ಬಿಚ್ಚಿ ಒಂದೆಳೆ ತೆಗೆದು ಕಟ್ಟಿದ. ಪಿಂಜಾರಿಕೆ ಅಲ್ಲಿಗೆ ಮುಗಿಯಿತು. ನುಡಿಸುವ ಮೊದಲು ಹೋಗಿ ನೇಕಬಖ್ತಳ ಮುಂದೆ ತಲೆ ಬಾಗಿಸಿದ. ಇನ್ನು ಮೇಲೆ ತನ್ನ ಕಂಠದ ಬಗ್ಗೆ ಹುಷಾರಾಗಿ ಮಾತಾಡಬೇಕೆಂದು ಆಕೆ ಎಲ್ಲರೆದುರಿಗೂ ಎಚ್ಚರಿಸಿದಳು.

ಮಧ್ಯಾಹ್ನ ಗಂಡಿನ ಕಡೆಯವರು ಹೊರಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಸಿರು ಶಾಲು ಹೊದ್ದ ನಸ್ತರನ್ ದೊಡ್ಡ ಕೋಣೆಯ ಹೊಸ್ತಿಲಲ್ಲಿ ನಿಂತಳು. ಅಪ್ಪ ಅಂಗಳದಲ್ಲಿ ಕುಳಿತು ಶ್ರುತಿ ಕೂಡಿಸಿದ. ತಲೆಯೆತ್ತಿ ಮಗಳನ್ನು ನೋಡಿದ. ಕೈ ತಡೆಯಿತು.

"ನಸ್ತರನ್, ಸ್ವಲ್ಪ ನಿಲ್ಲಮ್ಮ," ಎಂದ. "ಮಾಹಗುಲ್ ಎಲ್ಲಿ? ಮೊದಲು ಅವಳದು."

ಮಾಹಗುಲ್ ಕಂಕುಳಲ್ಲಿ ಕೂಸು, ಕೈಯಲ್ಲಿ ಅನ್ನದ ಸೌಟು ಹಿಡಿದು ಅಡುಗೆಮನೆಯಿಂದ ಇಣುಕಿದಳು. "ಬಾಬಾ, ನಂಗೆ ಎರಡು ಮಕ್ಕಳಾಗಿವೆ. ನೋಡಿದವರು ನಗ್ತಾರೆ."

"ನಗಲಿ. ಜನ ನಕ್ಕೂ ಆರು ವರ್ಷ ಆಯ್ತು."

ನಸ್ತರನ್ ತನ್ನ ಹಸಿರು ಶಾಲು ತೆಗೆದು ಅಕ್ಕನ ತಲೆಯ ಮೇಲೆ ಹೊದಿಸಿದಳು. ಗುಲಂದಾಮ್ ಕೂಸನ್ನೂ ಸೌಟನ್ನೂ ಇಸಿದುಕೊಂಡಳು.

ರಬಾಬ್ ಶುರುವಾಯಿತು. ಸ್ವರ ಒಂದೆರಡು ಕಡೆ ತಪ್ಪಿತು, ಪಿಂಜಾರನ ತಂತಿ ಒರಟಾಗಿ ಮಿಡಿಯಿತು, ಯಾರಿಗೂ ಅದರ ಗೊಡವೆ ಇರಲಿಲ್ಲ. ಮಾಹಗುಲ್ ಒಂದು ಹೆಜ್ಜೆ ಇಟ್ಟು ನಿಂತಳು, ಇನ್ನೊಂದಿಟ್ಟು ನಿಂತಳು. ಅವಳಿಗೆ ಅವಸರವೇ ಇರಲಿಲ್ಲ. ಅರ್ಧ ಅಂಗಳ ದಾಟುವಷ್ಟರಲ್ಲಿ ಗಂಡಿನ ಕಡೆಯಿಂದ ಒಬ್ಬಾಕೆ ಒಳಗೆ ಬಂದು, ಹುಡುಗಿ ಇನ್ನೂ ಯಾಕೆ ಹೊರಡಲಿಲ್ಲ, ಎಷ್ಟು ಹೊತ್ತು ಕಾಯುವುದು ಎಂದು ಕೇಳಿದಳು.

ಗುಲಂದಾಮ್ ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ನಮ್ಮನೇಲಿ ಇವತ್ತು ಎರಡು ಮದುವೆ ಅಂತ ಹೇಳಿ," ಎಂದಳು. "ಒಂದು ಮುಗೀಲಿ, ನಿಮ್ಮದಕ್ಕೆ ಬರ್ತೀವಿ."