ಊಟಕ್ಕೆ ಮೊದಲೋ, ಆಮೇಲೋ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಯಾರು ಕಟ್ಟಿದರೋ, ನನ್ನನ್ನು ನೋಡಿಯಂತೂ ಕಟ್ಟಿದ್ದಲ್ಲ. ನನಗೆ ಎರಡೂ ಬರುವುದಿಲ್ಲ. ಬರುವುದು ಬಟ್ಟೆ ಹೊಲಿಯುವುದು, ಆಮೇಲೆ ಕೋಪ. ಹೊಲಿಗೆ ಕಲಿಯಲು ಏಳು ವರ್ಷ ಹಿಡಿಯಿತು, ಕೋಪ ಹುಟ್ಟಿನಿಂದಲೇ ಇತ್ತು ಎನ್ನುತ್ತಾಳೆ ಅಕ್ಕ. ನನ್ನನ್ನು ಮೂರು ವರ್ಷದವನಿದ್ದಾಗಿನಿಂದ ಸಾಕಿದವಳು ಅವಳೇ, ಹಾಗಾಗಿ ಅವಳ ಮಾತಿಗೆ ಎದುರಾಡುವ ಹಾಗಿಲ್ಲ.

ಆ ದಿನ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಹೇಳಿದ್ದು ಇಷ್ಟು. ಅಕ್ಕನ ಹೃದಯದ ಒಂದು ಕವಾಟ ಗಟ್ಟಿಯಾಗಿಬಿಟ್ಟಿದೆ. ಆಪರೇಷನ್ ಮಾಡಿ ಬದಲಾಯಿಸಬೇಕು. ಬದಲಾಯಿಸದಿದ್ದರೆ ಹೆಚ್ಚೆಂದರೆ ಒಂದು ವರ್ಷ. "ನಾಳೆನೇ ಮಾಡಿ ಡಾಕ್ಟ್ರೇ" ಎಂದೆ.

"ನಾಳೆ ಆಗಲ್ಲ ಕಣ್ರೀ. ಇವರ ತೂಕ ಮೂವತ್ತೆಂಟು ಕೆಜಿ. ಈ ಮೈಗೆ ನಾನು ಕತ್ತಿ ಇಡಲ್ಲ. ಗಾಯ ಮಾಯೋದಕ್ಕೂ ಮೈಯಲ್ಲಿ ಏನಾದ್ರೂ ಇರಬೇಕಲ್ಲ? ನಲವತ್ತಕ್ಕೆ ತನ್ನಿ. ಕೆಳಗೆ ಡಯಟೀಷಿಯನ್ ಇದಾರೆ, ಅವರನ್ನ ನೋಡ್ಕೊಂಡು ಹೋಗಿ. ತಿಂಗಳು ಬಿಟ್ಟು ಬನ್ನಿ."

ಎರಡು ಕೆಜಿ! ನನ್ನಂಗಡಿಯಲ್ಲಿ ಚಳಿಗಾಲದ ಒಂದು ಕೋಟು ಅಷ್ಟು ತೂಗುತ್ತದೆ. ಅಷ್ಟಕ್ಕಾಗಿ ನನ್ನಕ್ಕನ ಜೀವ ನಿಂತಿದೆಯೇ ಎಂದು ಸಿಟ್ಟು ಬಂತು. ಕೆಳಗೆ ಹೋದರೆ ಡಯಟೀಷಿಯನ್ನರ ಬಾಗಿಲಲ್ಲಿ ಮೂವತ್ತು ಜನರ ಸಾಲು. "ತಿನ್ನೋದನ್ನ ಹೇಳ್ಕೊಡೋಕೆ ಒಬ್ಬರು ಬೇಕಾ? ನಡಿ ಮನೆಗೆ" ಎಂದು ಅಕ್ಕನ ಕೈ ಹಿಡಿದು ಹೊರಟೇಬಿಟ್ಟೆ. ಅಕ್ಕ ಹಿಂದೆಯೇ ಬಂದಳು.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹಿಂದೆ ಅಡುಗೆಮನೆ, ಎರಡು ಮಂಚ. ಮಹಡಿಯ ಮೇಲೆ ಜಿಮ್. ಅದನ್ನು ನಡೆಸುವವನಿಗೆ ಬೀದಿಯೆಲ್ಲ 'ಡಂಬಲ್ಲು' ಎಂದೇ ಹೆಸರು. ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಮುಚ್ಚುವುದಿಲ್ಲ. ಅವನ ಜಿಮ್ಮಿನ ಬೆಂಚುಗಳ ಹರಿದ ಕವರು ಹೊಲಿದುಕೊಡುವವನು ನಾನೇ.

"ಮಾಸ್ಟ್ರೇ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ?" ಎಂದು ಅವತ್ತೇ ಸಂಜೆ ದೊಡ್ಡ ಡಬ್ಬಿಯೊಂದನ್ನು ತಂದು ನನ್ನ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದ. "ಪ್ರೋಟೀನ್ ಪೌಡರ್. ಹಾಲಲ್ಲಿ ಎರಡು ಸ್ಕೂಪ್ ಹಾಕಿ ಶೇಕ್ ಮಾಡಿ ಕೊಡಿ. ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಲೋಟ. ನಮ್ಮಲ್ಲಿ ಬರೋರಿಗೆಲ್ಲ ಇದನ್ನೇ ಹೇಳೋದು."

ನಾನು ನಂಬಿದೆ. ಅವನ ತೋಳು ನೋಡಿದರೆ ಯಾರಾದರೂ ನಂಬುತ್ತಿದ್ದರು.

ಮರುದಿನದಿಂದ ಶುರು. ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಲೋಟ, ಮಧ್ಯಾಹ್ನ ಒಂದು, ರಾತ್ರಿ ಒಂದು. ಅಕ್ಕ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಕಾಯಿಲೆಯೆಂದು ಕುಳಿತು ಮಾಡುವ ಅರ್ಧ ದಿನದ ಡ್ಯೂಟಿ ಕೊಟ್ಟಿದ್ದರು. ಅಲ್ಲಿಗೂ ಬಾಟಲಿಯಲ್ಲಿ ತುಂಬಿ ಕಳಿಸುತ್ತಿದ್ದೆ. ಔಷಧಿಯ ಮಾತ್ರೆಗೇ ಮುಖ ಸಿಂಡರಿಸುವವಳು ಇದನ್ನು ಮಾತ್ರ ಗೊಣಗದೆ ಕುಡಿದು ಲೋಟ ತೊಳೆದಿಡುತ್ತಿದ್ದಳು. ಆಮೇಲೆ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು, "ಹೊಟ್ಟೆ ತುಂಬಿದೆ ಕಣೋ, ಸಾಕು" ಎನ್ನುತ್ತಿದ್ದಳು. ತಟ್ಟೆಯಲ್ಲಿ ಉಳಿದರೇನಂತೆ, ಡಬ್ಬಿಯಲ್ಲಿರುವುದು ಹೊಟ್ಟೆಗೆ ಹೋಗಿದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಒಂದು ಲೋಟ ನಾಲ್ಕು ಮೊಟ್ಟೆಗೆ ಸಮ ಎಂದಿದ್ದನಲ್ಲ ಡಂಬಲ್ಲು.

ಆದರೂ ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಹೊಲಿಯುತ್ತ ಹೊಲಿಯುತ್ತ ಮಷೀನು ನಿಲ್ಲಿಸಿ, ಪರದೆಯ ಆಚೆ ಅಕ್ಕನ ಉಸಿರು ಕೇಳುತ್ತದೆಯೇ ಎಂದು ಕಿವಿ ಕೊಡುತ್ತಿದ್ದೆ. ಬಾಗಿಲಿನ ಮೂರು ಮೆಟ್ಟಿಲು ಹತ್ತಿ ಬಂದವಳು ಗೋಡೆ ಹಿಡಿದು ನಿಂತರೆ ನನಗೇ ಏದುಸಿರು. ಬಟ್ಟೆ ಕೊಡಲು ಬಂದ ಗಿರಾಕಿಗಳು, "ನಿಮ್ಮಕ್ಕ ಈಗ ಚೆನ್ನಾಗಿ ಕಾಣ್ತಾರೆ, ಯೂನಿಫಾರ್ಮು ಅಚ್ಚುಕಟ್ಟಾಗಿ ಕೂತಿದೆ" ಎಂದರೆ ಸ್ವರ್ಗಕ್ಕೆ ಮೂರೇ ಗೇಣು.

ತಿಂಗಳಾಯಿತು. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಅಕ್ಕ ನಿಂತಳು. ನರ್ಸು ಬಗ್ಗಿ ನೋಡಿ, "ಮೂವತ್ತಾರು ಒಂಬೈನೂರು" ಎಂದಳು.

"ನಿಮ್ಮ ಮಷೀನು ಕೆಟ್ಟಿದೆ" ಎಂದೆ.

"ಇಲ್ಲ ಸರ್, ಸರಿಯಾಗಿದೆ."

"ಕೆಟ್ಟಿದೆ ಅಂದ್ರೆ ಕೆಟ್ಟಿದೆ! ಮೂರು ಹೊತ್ತೂ ಕೊಟ್ಟಿದೀನಿ ನಾನು!" ನನ್ನ ಗಂಟಲು ಹೊರಗಿನ ಸಾಲಿಗೂ ಕೇಳಿಸಿರಬೇಕು. ನರ್ಸು ತಾನೇ ಹತ್ತಿ ನಿಂತು, ತನ್ನ ತೂಕ ತೋರಿಸಿ ಇಳಿದಳು. ಯಂತ್ರ ಸರಿಯಾಗಿಯೇ ಇತ್ತು. ಈ ಸಲ ಅವಳೇ ನಮ್ಮನ್ನು ಡಯಟೀಷಿಯನ್ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದಳು, ತಪ್ಪಿಸಿಕೊಂಡು ಹೋದೇವು ಎಂಬ ಹಾಗೆ.

ಡಯಟೀಷಿಯನ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೊದಲು ರಕ್ತಪರೀಕ್ಷೆಯ ಕಾಗದ ತಿರುವಿ, "ಸದ್ಯ, ಕಿಡ್ನಿ ಚೆನ್ನಾಗಿದೆ. ಅದನ್ನ ನೋಡದೇನೇ ಡಬ್ಬಿ ಶುರು ಮಾಡಿದ್ರಾ?" ಎಂದರು. ನಾನು ತಲೆ ತಗ್ಗಿಸಿದೆ. "ಯಾವಾಗ ಕೊಡ್ತಿದ್ರಿ?"

"ಊಟಕ್ಕೆ ಅರ್ಧ ಗಂಟೆ ಮೊದಲು."

ಅವರು ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು?"

"ನಮ್ಮ ಮೇಲಿನ ಜಿಮ್ಮಿನವನು. ಅವನ ಹತ್ರ ಬರೋರಿಗೆಲ್ಲ ಹಾಗೇ ಕೊಡ್ತಾನೆ."

"ಅವನ ಹತ್ರ ಬರೋರು ಯಾಕೆ ಬರ್ತಾರೆ?"

ತೆಳ್ಳಗಾಗಲು ಬರುತ್ತಾರೆ! ಅವರ ಪ್ಯಾಂಟಿನ ಸೊಂಟ ಕಿರಿದು ಮಾಡಿಕೊಡುವವನು ನಾನೇ. ಹಸಿವು ಸಾಯಲಿ, ಊಟ ಕಡಿಮೆಯಾಗಲಿ ಎಂದು ಅವರು ಕುಡಿಯುವುದನ್ನು ನಾನು ತಂದು, ಹಸಿವೇ ಇಲ್ಲದ ಅಕ್ಕನಿಗೆ ಮೂರು ಹೊತ್ತೂ ಹೊಯ್ದಿದ್ದೆ.

"ಊಟ ಸರಿಯಾಗಿ ಸೇರೋರಿಗೆ ಇದು ಬೇಕಾಗೇ ಇಲ್ಲ" ಎಂದರು ಅವರು, ಈಗ ಸ್ವಲ್ಪ ಮೆತ್ತಗೆ. "ನಿಮ್ಮಕ್ಕನಿಗೆ ಊಟ ಒಂದೇ ಸಾಲ್ತಿಲ್ಲ, ಅದಕ್ಕೆ ಕೊಡಬಹುದು. ಆದ್ರೆ ಊಟದ ಜೊತೆಗೆ ಇನ್ನಷ್ಟು ಅಂತ, ಊಟದ ಬದಲು ಅಂತಲ್ಲ. ಮೊದಲು ತಟ್ಟೆ. ಅದಾಗಿ ಎರಡು ಗಂಟೆ ಬಿಟ್ಟು ಅರ್ಧ ಲೋಟ, ನಿಧಾನಕ್ಕೆ. ದಿನಕ್ಕೆ ಎರಡೇ ಸಲ. ಮುಂದಿನ ಊಟದ ಹತ್ತಿರ ಮಾತ್ರ ಬೇಡ." ಆಮೇಲೆ ಅಕ್ಕನ ಕಡೆ ನೋಡಿ, "ಅಲ್ಲಾ, ತಿಂಗಳಲ್ಲಿ ಒಂದು ಕೆಜಿ ಮೇಲೆ ಇಳಿದಿದೀರಿ, ಬಟ್ಟೆ ಸಡಿಲ ಆಗಿದ್ದೂ ಗೊತ್ತಾಗಲಿಲ್ವಾ?" ಎಂದು ಕೇಳಿದರು.

ಅಕ್ಕ ಶರ್ಟಿನ ಅಂಚನ್ನು ಕೆಳಗೆ ಎಳೆದುಕೊಂಡಳು. ನನ್ನ ಕಣ್ಣು ಅವಳ ಬೂದು ಯೂನಿಫಾರ್ಮಿನ ಪಕ್ಕದ ಹೊಲಿಗೆಯ ಮೇಲೆ ಬಿತ್ತು. ಅದು ನನ್ನ ಹೊಲಿಗೆ. ಆ ತಿಂಗಳಲ್ಲಿ ಮೂರು ಸಲ ಅಕ್ಕ ಆ ಶರ್ಟನ್ನು ಮೇಜಿನ ಮೇಲಿಟ್ಟು, "ಸ್ವಲ್ಪ ಹಿಡಿದುಕೊಡೋ" ಎಂದಿದ್ದಳು. ಮೂರು ಸಲವೂ ಗುಂಡುಪಿನ್ನು ಚುಚ್ಚಿ, ಅಳತೆಗೆ ಹಿಡಿದು, ಇಸ್ತ್ರಿ ಮಾಡಿ ಕೊಟ್ಟಿದ್ದೆ. ಸಡಿಲ ಎಂದರೆ ಹಿಡಿಯುವುದು, ಬಿಗಿ ಎಂದರೆ ಬಿಡುವುದು. ಮೂವತ್ತು ವರ್ಷದಿಂದ ಕೈ ಅದನ್ನೇ ಮಾಡಿದೆ, ಯಾಕೆ ಎಂದು ತಲೆ ಒಮ್ಮೆಯೂ ಕೇಳಿಲ್ಲ. ಅಕ್ಕ ಕರಗುತ್ತಿದ್ದಳು, ನಾನು ಅವಳ ಹಿಂದೆಯೇ ಬಟ್ಟೆ ಕಿರಿದು ಮಾಡುತ್ತ, ಜನರಿಗೂ ನನಗೂ ಕಾಣದ ಹಾಗೆ ಮಾಡಿಟ್ಟಿದ್ದೆ. ದರ್ಜಿಯಲ್ಲದ ಯಾವ ತಮ್ಮನಾಗಿದ್ದರೂ ಜೋತುಬಿದ್ದ ಶರ್ಟು ನೋಡಿಯೇ ಹೌಹಾರುತ್ತಿದ್ದ.

ಡಾಕ್ಟರು ಇನ್ನು ಆರು ವಾರ ಕೊಟ್ಟರು. ಅದಕ್ಕಿಂತ ಹೆಚ್ಚು ಕಾಯುವುದು ಒಳ್ಳೆಯದಲ್ಲ ಎಂದರು.

ಮನೆಗೆ ಬಂದವನು ಅಂಗಡಿಯ ಬಾಗಿಲು ಎಳೆದು, ಮಷೀನಿನ ಮುಂದೆ ಕುಳಿತು ಅತ್ತುಬಿಟ್ಟೆ. "ನಾನೇ ಕೆಡಿಸಿದೆ ಅಕ್ಕ. ಕಣ್ಣಿದ್ದೂ ಕುರುಡನಾದೆ. ಆ ಸಾಲಲ್ಲಿ ಒಂದು ಗಂಟೆ ನಿಲ್ಲೋಕಾಗಲಿಲ್ಲ ನನಗೆ."

ಅಕ್ಕ ಸ್ಟೂಲು ಎಳೆದುಕೊಂಡು ಎದುರಿಗೆ ಕುಳಿತಳು. ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡಳು. "ಅಳಬೇಡ. ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಡಬ್ಬಿ ಮೇಲೆ ಬರೆದಿದೆ. ಇದು ಊಟಕ್ಕೆ ಬದಲಿ ಅಲ್ಲ ಅಂತ. ಸಣ್ಣ ಅಕ್ಷರ, ಕೆಳಗಡೆ. ಮೊದಲನೇ ದಿನಾನೇ ಓದಿದೆ."

ಯಾರ ಕೈಬರಹ ಎಷ್ಟೇ ಕೆಟ್ಟದಾಗಿರಲಿ, ವಿಳಾಸ ಓದಿ ಸರಿಯಾದ ಚೀಲಕ್ಕೆ ಹಾಕುವವಳು ನನ್ನಕ್ಕ. ಡಬ್ಬಿ ಓದದೆ ಬಿಡುತ್ತಾಳೆಯೇ? ನನಗೇ ಹೊಳೆಯಬೇಕಿತ್ತು. "ಮತ್ತೆ ಹೇಳಲಿಲ್ಲ ಯಾಕೆ? ಬಾಯಿಗೆ ಹೊಲಿಗೆ ಹಾಕಿದ್ರಾ ಯಾರಾದ್ರೂ?" ಎಂದು ಕೂಗಿದೆ.

"ನಲವತ್ತು ಆದ್ರೆ ಕೊಯ್ತಾರೆ. ಆಗದಿದ್ರೆ ಕೊಯ್ಯಲ್ಲ" ಎಂದಳು ಅಕ್ಕ. "ಎದೆಮೂಳೆ ಸೀಳ್ತಾರಂತೆ ಕಣೋ. ಹೃದಯ ನಿಲ್ಲಿಸ್ತಾರಂತೆ. ಆಮೇಲೆ ಮತ್ತೆ ಶುರು ಮಾಡ್ತಾರಂತೆ. ಶುರು ಆಗದೇ ಹೋದ್ರೆ? ಕುಡಿದ್ರೆ ನಿನಗೂ ಸಮಾಧಾನ, ಊಟ ಬಿಟ್ರೆ ನನಗೂ ಸಮಾಧಾನ. ಹಾಗೇ ದಿನ ಹೋಗಲಿ ಅನ್ಕೊಂಡೆ."

"ಒಂದೇ ವರ್ಷ ಅಂದಿದಾರೆ ಅಕ್ಕ!"

"ವರ್ಷ ಅಂದ್ರೆ ವರ್ಷ ಇದೆಯಲ್ಲೋ. ಆ ಟೇಬಲ್ ಮೇಲೆ ಒಂದು ಗಂಟೆನೂ ಇಲ್ಲದೆ ಹೋಗಬಹುದು."

ನಾನು ಬೈಯಬೇಕಿತ್ತು. ಅವಳಿಗೆ ಹೆದರಿಕೆಯಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಅಕ್ಕ ಎಂದರೆ ಹೆದರದವಳು ಎಂದು ಮೂರನೇ ವಯಸ್ಸಿನಿಂದ ನಂಬಿಕೊಂಡು ಬಂದಿದ್ದೆ.

ಎದ್ದು ಹೋಗಿ ಎರಡು ಮೊಟ್ಟೆ ಬೇಯಿಸಿ ತಂದೆ. "ತಿನ್ನು ಅಂತ ಹೇಳಲ್ಲ. ನಿನ್ನ ಜೀವ, ನಿನ್ನಿಷ್ಟ. ಆದ್ರೆ ನಂಗೆ ಸುಳ್ಳು ಮಾತ್ರ ಹೇಳಬೇಡ. ತಿನ್ನಲ್ಲ ಅಂದ್ರೆ ತಿನ್ನಲ್ಲ ಅನ್ನು. ನಾನು ಇಲ್ಲೇ ಕೂತಿರ್ತೀನಿ, ವರ್ಷ ಪೂರ್ತಿ."

ತಟ್ಟೆಯನ್ನು ಅವಳು ಎಷ್ಟು ಹೊತ್ತು ನೋಡಿದಳೋ. ಮೇಲೆ ಜಿಮ್ಮಿನಲ್ಲಿ ಯಾರೋ ಕಬ್ಬಿಣ ಇಳಿಸಿದ ಸದ್ದಾಯಿತು. ಕೊನೆಗೆ ಒಂದು ಮೊಟ್ಟೆ ಎತ್ತಿ ಕಚ್ಚಿ, "ಉಪ್ಪು ಹಾಕಿಲ್ಲ, ಪುಣ್ಯಾತ್ಮ" ಎಂದಳು.

ಆ ಆರು ವಾರ ನಾನು ಹೇಗೆ ಕಳೆದೆನೋ, ನನಗೇ ಗೊತ್ತು. ಮೊದಲು ತಟ್ಟೆ, ಚಿಕ್ಕ ಚಿಕ್ಕದಾಗಿ ದಿನಕ್ಕೆ ಐದು ಸಲ. ಹನ್ನೊಂದಕ್ಕೆ ಅರ್ಧ ಲೋಟ ಶೇಕ್, ನಾಲ್ಕಕ್ಕೆ ಅರ್ಧ ಲೋಟ. ಕೆಲವು ದಿನ ಊಟ ಚೆನ್ನಾಗಿ ಸೇರಿದರೆ ನಾಲ್ಕರದ್ದು ಬೇಡವೇ ಬೇಡ ಎನ್ನುತ್ತಿದ್ದಳು, ಡಯಟೀಷಿಯನ್ನರೂ ಹಾಗಾದರೆ ಬಿಡಿ ಎಂದಿದ್ದರು. ನಾನು ಮನೆಗೊಂದು ತೂಕದ ಯಂತ್ರ ತಂದು ದಿನಕ್ಕೆ ಮೂರು ಸಲ ಅವಳನ್ನು ಹತ್ತಿಸಿದೆ. ಇನ್ನೂರು ಗ್ರಾಂ ಏರಿದರೆ ಕುಣಿದಾಟ, ಮುನ್ನೂರು ಇಳಿದರೆ ತಲೆ ಮೇಲೆ ಕೈ. "ನಿನ್ನ ಮುಖ ನೋಡಿದ್ರೆ ತಿಂದದ್ದೂ ಕರಗಿ ಹೋಗುತ್ತೆ" ಎಂದು ಅಕ್ಕ ಯಂತ್ರವನ್ನು ಡಂಬಲ್ಲುವಿಗೆ ಕೊಟ್ಟುಬಿಟ್ಟಳು. ಅವನು ಪಾಪ, ವಿಷಯ ತಿಳಿದ ದಿನದಿಂದ ನನಗೆ ಮುಖ ತೋರಿಸಲು ನಾಚಿ, ಮಹಡಿಯನ್ನು ಹಿಂದಿನ ಮೆಟ್ಟಿಲಿನಿಂದ ಹತ್ತುತ್ತಿದ್ದ. ವಾರಕ್ಕೊಮ್ಮೆ ನಾವೇ ಅಲ್ಲಿಗೆ ಹೋಗಿ ತೂಗಿ ಬರುತ್ತಿದ್ದೆವು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹತ್ತುವುದು ಅವನದೇ ಕೆಲಸವಾಯಿತು.

ಅಕ್ಕ ತಿನ್ನುತ್ತಿದ್ದಳು. ಇಷ್ಟಪಟ್ಟು ತಿನ್ನುತ್ತಿರಲಿಲ್ಲ. ಒಂದೊಂದು ತುತ್ತೂ ಅವಳನ್ನು ಆ ಟೇಬಲಿನ ಹತ್ತಿರ ಒಯ್ಯುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಆರು ವಾರ ಮುಗಿದ ದಿನ ಅದೇ ನರ್ಸು, ಅದೇ ಯಂತ್ರ. "ಮೂವತ್ತೊಂಬತ್ತು ಏಳ್ನೂರು" ಎಂದಳು. ಡಾಕ್ಟರು ಅಕ್ಕನ ಕಾಲಿನ ಗಿಣ್ಣು ಒತ್ತಿ ನೋಡಿ, ನೀರು ತುಂಬಿ ಬಂದ ತೂಕವಲ್ಲ ಎಂದು ಖಾತ್ರಿ ಮಾಡಿಕೊಂಡರು. ರಕ್ತದ ಕಾಗದ ನೋಡಿ ತಲೆದೂಗಿದರು.

"ಮುನ್ನೂರು ಗ್ರಾಮಿಗೆ ನಾನೇನು ಜಗಳ ಆಡಲ್ಲ. ಗುರುವಾರ ಜಾಗ ಇದೆ. ಆದ್ರೆ ನಿಮಗೆ ಇನ್ನೂ ಸ್ವಲ್ಪ ಧೈರ್ಯ ಬೇಕು ಅನ್ಸಿದ್ರೆ, ಇನ್ನೆರಡು ವಾರ ತಿಂದ್ಕೊಂಡು ಬನ್ನಿ. ಅಷ್ಟು ಕಾಯಬಹುದು. ನೀವೇ ಹೇಳಿ."

ಅಕ್ಕನಿಗೆ ಬೇಕಾಗಿದ್ದ ಬಾಗಿಲು ತಾನಾಗಿಯೇ ತೆರೆದಿತ್ತು. ನಾನು ಅವಳ ಮುಖ ನೋಡಲಾರದೆ ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತ ಕುಳಿತೆ.

"ಗುರುವಾರನೇ ಇರಲಿ ಡಾಕ್ಟ್ರೇ" ಎಂದಳು ಅಕ್ಕ.

ಡಾಕ್ಟರು ಒಪ್ಪಿಗೆಯ ಕಾಗದವನ್ನು ಮುಂದೆ ತಳ್ಳಿದರು. ಅಕ್ಕ ಓದಿದಳು, ಸಣ್ಣ ಅಕ್ಷರವನ್ನೂ ಬಿಡದೆ, ಕೊನೆಯ ಸಾಲಿನವರೆಗೆ. ಸಹಿ ಮಾಡಿ ನನ್ನ ಕಡೆ ಸರಿಸಿದಳು. ಹತ್ತಿರದ ಸಂಬಂಧಿಕರ ಸಹಿಯೂ ಬೇಕಿತ್ತು.

ಹತ್ತು ವಾರ ಇದೇ ದಿನಕ್ಕಾಗಿ ಕೂಗಾಡಿದ್ದೆ, ಅತ್ತಿದ್ದೆ, ಬೇಯಿಸಿದ್ದೆ. ಈಗ ಪೆನ್ನು ಹಿಡಿದರೆ ನನ್ನ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು. ಎರಡು ವಾರ ಬಿಟ್ಟು ಬರೋಣ, ಎರಡೇ ವಾರ.

"ಹೆದರಿಕೆ ಆಗ್ತಿದೆ ಅಕ್ಕ" ಎಂದೆ, ಡಾಕ್ಟರು ಎದುರಿಗಿದ್ದಾರೆ ಎಂಬುದೂ ನೆನಪಿರಲಿಲ್ಲ.

"ನಂಗೂ" ಎಂದಳು ಅಕ್ಕ. ನನ್ನ ಮೊಣಕೈ ಹಿಡಿದುಕೊಂಡಳು. "ಹಾಕು."

ನಾನು ಸಹಿ ಹಾಕಿದೆ.