ಮಾವನ ಸೋಮಾರಿ ಕೋಶಗಳು

ಹತ್ತಿಯ ಉಂಡೆಯನ್ನು ರೆಪ್ಪೆಯ ಕೆಳಗಿಟ್ಟು, ರೆಪ್ಪೆಯನ್ನು ಮೆಲ್ಲಗೆ ಎಳೆದು ಮುಚ್ಚಿ, ಸೋದರಳಿಯ ಕೈಗವಸು ತೆಗೆದ. ಮಾವನ ಬಲಗಣ್ಣಿನ ಮೇಲಿನ ಪಾರದರ್ಶಕ ಪದರ, ಸುತ್ತಲಿನ ಅಂಚಿನ ಸಮೇತ, ಈಗ ಪುಟ್ಟ ಸೀಸೆಯೊಳಗಿತ್ತು. ಸೀಸೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟ. ಇನ್ನೂರಕ್ಕೂ ಹೆಚ್ಚು ಸಾವಿನ ಮನೆಗಳಲ್ಲಿ ಮಾಡಿದ ಕೆಲಸ. ಆದರೂ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆರೆದು ನೋಡಿದ.

"ಆಯ್ತಾ?" ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು. "ನೋವಾಗೋ ಹಾಗೇನೂ ಮಾಡ್ಲಿಲ್ಲ ತಾನೆ?"

"ಇಲ್ಲ ಅತ್ತೆ."

"ಬೇರೆ ಯಾರೂ ಬೇಡ, ನೀನೇ ತೆಗೀಬೇಕು ಅಂತ ಅವರೇ ಹೇಳಿಟ್ಟಿದ್ರು."

ಮಾವನಿಗೆ ಅವನೆಂದರೆ ಅಷ್ಟು ಹೆಮ್ಮೆ. ಅವನು ಕಣ್ಣಾಸ್ಪತ್ರೆಯ ಪ್ರಯೋಗಾಲಯಕ್ಕೆ ಸೇರಿದಾಗ, ಸುಣ್ಣದ ಡಬ್ಬ ಕೆಳಗಿಟ್ಟು ಕಂಡಕಂಡವರಿಗೆಲ್ಲ "ನಮ್ಮ ಹುಡುಗ ಕಣ್ಣು ಬೆಳೆಸ್ತಾನೆ" ಎಂದು ಹೇಳಿಕೊಂಡು ತಿರುಗಿದ್ದರು.

ಹೊರಗೆ ಕುರ್ಚಿಗಳಲ್ಲಿ ಜನ ಕೂತಿದ್ದರು. ಮಾವನ ಜೊತೆ ಮೂವತ್ತು ವರ್ಷ ಗೋಡೆಗೆ ಸುಣ್ಣ ಬಳಿದವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಆಳು ಅಷ್ಟು ಉದ್ದ. ಅವನದೇ ಮಾತು ನಡೆದಿತ್ತು.

"ಎಡಗಣ್ಣು ಹೋದ್ಮೇಲೆ, ಒಂದೇ ಕಣ್ಣಿಗೆ ಮೆಟ್ಟಿಲು ಎಷ್ಟು ದೂರ ಅಂತ ಅಂದಾಜು ಸಿಗಲ್ವಲ್ಲ, ಅವನು ಮೇಲೆ ಹತ್ತೋದೇ ಬಿಟ್ಟ. ಕೈಗೆ ಎಟುಕಿದಷ್ಟು ಗೋಡೆ ಅವನದು, ಉಳಿದದ್ದು ನಂದು. ಹನ್ನೊಂದು ವರ್ಷ! ಬೈದ್ರೆ, 'ಏನ್ಮಾಡ್ಲಿ ಮಾರಾಯಾ, ನನ್ನ ಕೋಶಗಳೂ ನನ್ನಂಗೇ ಸೋಮಾರಿ, ಬೆಳೀಲೇ ಇಲ್ಲ' ಅನ್ನೋನು."

ಒಂದಿಬ್ಬರು ನಕ್ಕರು. ಸೋದರಳಿಯ ತಲೆ ತಗ್ಗಿಸಿದ.

*

ಹನ್ನೊಂದು ವರ್ಷದ ಹಿಂದೆ ಎಡಗಣ್ಣಿಗೆ ಸುಣ್ಣ ಸಿಡಿದು ಬಿಳಿಯ ಪೊರೆ ಕಟ್ಟಿದಾಗ, ಮಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದವನು ಸೋದರಳಿಯನೇ.

"ಕಣ್ಣಿನ ಕಪ್ಪಿನ ಅಂಚಲ್ಲಿ ಸ್ಟೆಮ್ ಸೆಲ್ ಅನ್ನೋ ಕೋಶ ಇರುತ್ತೆ ಮಾವ. ಮೇಲಿನ ಪದರ ಸವೆದ ಹಾಗೆ ಹೊಸದು ಹುಟ್ಟಿಸೋದು ಅವೇ. ನಿಮ್ಮ ಎಡಗಣ್ಣಲ್ಲಿ ಅವು ಸುಟ್ಟುಹೋಗಿವೆ. ಬಲಗಣ್ಣಿಂದ ಎಳ್ಳಿನಷ್ಟು ತೆಗೆದು, ಎರಡು ವಾರ ತಟ್ಟೇಲಿ ಬೆಳೆಸಿ, ಎಡಗಣ್ಣಿಗೆ ಹಚ್ತಾರೆ."

"ಹಲ್ಲಿ ಬಾಲ ಉದುರಿದ್ರೂ ಮತ್ತೆ ಬರುತ್ತಂತೆ, ನನಗೆ ಕಣ್ಣು ಬರಲ್ವಾ? ಶುರು ಮಾಡು!"

ಕೋಶಗಳನ್ನಿಟ್ಟ ಬೆಚ್ಚಗಿನ ಪೆಟ್ಟಿಗೆಗೆ ಸಿಲಿಂಡರಿನಿಂದ ಅನಿಲ ಹೋಗುತ್ತಿರಬೇಕು. ಸಿಲಿಂಡರಿನ ಮುಳ್ಳು ಎಲ್ಲಿದೆ ಎಂದು ದಿನವೂ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಒಂದು ಶನಿವಾರ ಮನೆಗೆ ಹೊರಡುವ ಆತುರದಲ್ಲಿ, ಮುಳ್ಳು ನೋಡದೆ ಶುಕ್ರವಾರದ ಅಂಕಿಯನ್ನೇ ಬರೆದ. ಸೋಮವಾರ ಬಂದಾಗ ಸಿಲಿಂಡರ್ ಖಾಲಿ. ತಟ್ಟೆಯ ತಳದಲ್ಲಿ ಅಂಟಿ ಹಬ್ಬಿದ್ದ ಮಾವನ ಕೋಶಗಳು ಕಿತ್ತುಬಂದು ತೇಲುತ್ತಿದ್ದವು. ಯಾರೂ ಬರುವ ಮೊದಲೇ ಹೊಸ ಸಿಲಿಂಡರ್ ಜೋಡಿಸಿದ. ಡಾಕ್ಟರಿಗೆ "ಬೆಳೀಲಿಲ್ಲ ಸಾರ್" ಎಂದ. ಕೆಲವರ ಕೋಶ ಬೆಳೆಯದಿರುವುದೂ ಉಂಟು, ಅವರು ನಂಬಿದರು.

ಆರು ತಿಂಗಳ ಮೇಲೆ ಮಾವನೇ ಕೇಳಿದರು. "ಇನ್ನೊಂದು ಸಲ ನೋಡೋಣ್ವೇನೋ? ಡಾಕ್ಟರು ಆಗಬಹುದು ಅಂತಾರೆ. ನೀನು ಹೂಂ ಅಂದ್ರೆ ಸೈ."

ಈ ಸಲ ಚೆನ್ನಾಗಿ ಬೆಳೆದುಬಿಟ್ಟರೆ? ಹೋದ ಸಲ ಏನಾಗಿತ್ತು ಎಂದು ಡಾಕ್ಟರು ಪುಸ್ತಕ ತೆರೆದೇ ತೆರೆಯುತ್ತಾರೆ. ಶುಕ್ರವಾರ, ಶನಿವಾರ ಒಂದೇ ಅಂಕಿ, ಸೋಮವಾರ ಹೊಸ ಸಿಲಿಂಡರ್ ಎಂಬುದು ಕಣ್ಣಿಗೆ ಬೀಳುತ್ತದೆ.

"ಬೇಡ ಮಾವ," ಎಂದ. "ನಿಮ್ಮ ಕೋಶ ಬೆಳೆಯೋ ಜಾತಿ ಅಲ್ಲ. ಇರೋ ಒಂದು ಕಣ್ಣಿಗೂ ಯಾಕೆ ಕುತ್ತು?"

"ನೀನು ಹೇಳಿದ್ಮೇಲೆ ಮುಗೀತು ಬಿಡು." ಮಾವ ಅವನ ಬೆನ್ನು ತಟ್ಟಿ, ಕೆಲಸಕ್ಕೆ ಹೊತ್ತಾಯಿತೆಂದು ಎದ್ದುಹೋದರು.

*

ಹೆಣ ಎತ್ತಲು ಇನ್ನೂ ಅರ್ಧ ಗಂಟೆಯಿತ್ತು. ಅತ್ತೆ ಅವನನ್ನು ಅಡುಗೆಮನೆಗೆ ಕರೆದರು.

"ನಿನಗೊಂದು ಮಾತು ಹೇಳ್ಬೇಕು. ಇವತ್ತು ಹೇಳ್ಲಿಲ್ಲ ಅಂದ್ರೆ ಇನ್ನು ಹೇಳೋದೇ ಇಲ್ಲ." ಅವರ ದನಿ ಇಳಿಯಿತು. "ಆಗ ಕಣ್ಣಿಂದ ತೆಗೆಯೋ ಹಿಂದಿನ ದಿನ, ಎರಡು ಗಂಟೆಗೊಂದ್ಸಲ ಔಷಧಿ ಹನಿ ಹಾಕಿ ಅಂದಿದ್ರಲ್ಲ. ಮಧ್ಯಾಹ್ನ ನನಗೆ ನಿದ್ದೆ ಹತ್ತಿಬಿಡ್ತು. ಎರಡು ಸಲ ತಪ್ಪಿಹೋಯ್ತು ಕಣೋ. ಅದಕ್ಕೇ ಬೆಳೀಲಿಲ್ಲ. ಅವರಿಗೆ ಹೇಳೋಕೆ ಬಾಯೇ ಬರ್ಲಿಲ್ಲ."

ಅತ್ತೆ ಮಧ್ಯಾಹ್ನ ಮಲಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕೂತಲ್ಲೇ ತೂಕಡಿಸುತ್ತಿದ್ದರೂ ಮಲಗುತ್ತಿರಲಿಲ್ಲ. ಮನೆಮಂದಿಯೆಲ್ಲ ಛೇಡಿಸುತ್ತಿದ್ದರು, ಅವನೂ ಛೇಡಿಸಿದ್ದ. ಈಗಲೂ "ಹೋಗ್ಲಿ ಬಿಡಿ ಅತ್ತೆ" ಎಂದರೆ ಸಾಕಿತ್ತು, ಪಾರಾಗುತ್ತಿದ್ದ. ಆ ಮಾತು ನಾಲಿಗೆಯ ತುದಿಗೂ ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹನಿಯಿಂದ ಅಲ್ಲ ಅತ್ತೆ. ಕೋಶ ಚೆನ್ನಾಗೇ ಬೆಳೆದಿತ್ತು. ನಾನು ಸಿಲಿಂಡರ್ ನೋಡ್ದೆ ಸುಳ್ಳು ಬರೆದೆ. ಸಾಯಿಸಿದ್ದು ನಾನು. ಎರಡನೇ ಸಲ ಬೇಡ ಅಂದಿದ್ದೂ ಅದಕ್ಕೇ, ಸಿಕ್ಕಿಬೀಳ್ತೀನಿ ಅಂತ."

ಅತ್ತೆ ಕೈಯಲ್ಲಿದ್ದ ಲೋಟ ತೊಳೆದರು. ಮತ್ತೊಮ್ಮೆ ತೊಳೆದರು.

"ಬೆಳೆದಿತ್ತಾ?"

"ತಟ್ಟೆ ತುಂಬ."

"ತಟ್ಟೆ ತುಂಬ," ಎಂದರು ಅತ್ತೆ, ಮಗುವಿಗೆ ಹೇಳಿಕೊಡುವವರಂತೆ.

ಲೋಟ ಬೋರಲು ಹಾಕಿ ಕೋಣೆಗೆ ಹೋದರು. ಮಂಜುಗಡ್ಡೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜನರ ನಡುವೆ ಹಾದು, ಬೀದಿಯಲ್ಲಿ ಕಾಯುತ್ತಿದ್ದ ಆಸ್ಪತ್ರೆಯ ವ್ಯಾನಿನ ಡ್ರೈವರನ ಹತ್ತಿರ ಬಂದರು. ಸೋದರಳಿಯ ಹಿಂದೆಯೇ ಓಡಿಬಂದು ಕೈ ಚಾಚಿದ. ಅತ್ತೆ ಅವನ ಕೈ ದಾಟಿಸಿ ಡಬ್ಬಿಯನ್ನು ಡ್ರೈವರನಿಗೆ ಕೊಟ್ಟರು.

"ದೊಡ್ಡ ಡಾಕ್ಟರ ಕೈಗೇ ಕೊಡಪ್ಪ. ಮಧ್ಯೆ ಬೇರೆ ಯಾರ ಕೈಗೂ ಬೇಡ."

"ಹುಡುಗನೇ ಇದಾನಲ್ಲಮ್ಮ?" ಎಂದ ಏಣಿ.

"ಅವನಿಲ್ಲೇ ಇರ್ಲಿ. ಅವನ ಮಾವನಿಗೆ ಹೆಗಲು ಕೊಡ್ಲಿ."

"ನೋಡಿದ್ರಾ," ಏಣಿ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದ, "ಇಂಥ ಹೊತ್ತಲ್ಲೂ ಅಳಿಯನ್ನ ಬಿಟ್ಟಿರೋಕಾಗಲ್ಲ ಆಕೆಗೆ."

ಡ್ರೈವರ್ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು ಅದಕ್ಕೆ ಬೆಲ್ಟು ಬಿಗಿದು ಹೊರಟ. ಇತ್ತ ನಾಲ್ಕು ಜನ ಹೆಣ ಎತ್ತಿದರು, ಮುಂದಿನ ಎಡಗಡೆ ಸೋದರಳಿಯ. ಅತ್ತೆ ಅವರ ಕಡೆ ತಿರುಗಲಿಲ್ಲ. ವ್ಯಾನು ಬೀದಿಯ ತಿರುವು ದಾಟುವವರೆಗೂ ಅದನ್ನೇ ನೋಡುತ್ತ ನಿಂತಿದ್ದರು.