ಗಿಳಿಗೆ ಉಗ್ಗಿದ ನೀರು

ಆಡಿನ ಗಡ್ಡಕ್ಕೆ ಸುಣ್ಣ ಹತ್ತಿದೆ, ನಾಲಿಗೆ ಹೊರಗೆ, ಮತ್ತೆ ಒಳಗೆ, ಉದುರಿ ಬಿದ್ದ ಗಾರೆಯ ಚೂರನ್ನು ಎಷ್ಟು ಸಮಾಧಾನದಿಂದ ನೆಕ್ಕುತ್ತಿದೆ, ಉಪ್ಪಿರಬೇಕು ಅದರಲ್ಲಿ, ಉಪ್ಪಿನ ಜೊತೆ ಒಂದಿಷ್ಟು ಹಸಿರೂ ಇದೆ, ಗಿಳಿಯ ರೆಕ್ಕೆಯದೋ ಕೊರಳಿನದೋ — ನೋಡಬೇಡ ರುಬೀನಾ, ಮೇಲೆ ನೋಡು, ಮೇಲೆ ಗೆದ್ದಲು ಹಿಡಿದ ತೊಲೆ, ತೊಲೆಯ ಕೆಳಗೆ ಕಮಾನು, ಕಮಾನಿನೊಳಗೆ ಬಣ್ಣದಲ್ಲಿ ಬರೆದ ಗಿಳಿ ಕೂತಿದ್ದ ಜಾಗದಲ್ಲಿ ಈಗ ಬರೀ ಮಣ್ಣು. ಪಂಡರಿ ಒದರುತ್ತಲೇ ಇದ್ದಾನೆ, ಈ ಹಾಳು ವಾಡೆಯ ಮಾಲೀಕರು ಹೈದರಾಬಾದಿನಲ್ಲಿ, ಬೀಗದ ಕೈ ಇವನ ಉಡಿದಾರದಲ್ಲಿ, ಏ ಧೂಳಮ್ಮ, ನಿನ್ನ ಆಡು ನೆಕ್ಕಿ ನೆಕ್ಕಿ ಗ್ವಾಡಿ ಕೆಡವ್ಯಾವ, ಧಣ್ಯಾರಿಗೆ ನಾ ಏನ್ ಜವಾಬ್ ಕೊಡ್ಲಿ, ಇವತ್ತ ಖಾಲಿ ಮಾಡು. ಎಲ್ಲಿ ಕಟ್ಲೋ ಪಂಡರಿ, ಓಣ್ಯಾಗ ಜಾಗಾ ಎಲ್ಲದ, ಮಾರೂದ ಆಗ್ತದ. ಮಾರು, ಇಲ್ಲಾ ನಿನ್ನ ಹಾಸಿಗ್ಯಾಗ ಮಲಗಿಸ್ಕೋ. ಆಕೆ ನಗುತ್ತಾಳೆ, ಇಂಥದರಲ್ಲೂ ನಗುತ್ತಾಳೆ, ನಿನಕಿಂತ ಅವ ಸ್ವಚ್ಛ ಅದಾವೋ ಅನ್ನುತ್ತಾಳೆ, ನಕ್ಕುಕೊಂಡೇ ಗೂಟದ ಹಗ್ಗ ಬಿಚ್ಚುತ್ತಿದ್ದಾಳೆ.

ನಾನು ವಿಡಿಯೋ ಮಾಡಲು ಬಂದ ಅವತ್ತೂ ಧೂಳಮ್ಮ ಇಲ್ಲೇ ಕೂತಿದ್ದಳು, ಬರ್ರಿ ಬರ್ರಿ ಅಂದವಳು ನನ್ನ ಮೋರೆ ನೋಡಿ ಬಾ ಮಗಳ ಅಂದಳು, ಹುಮನಾಬಾದಿಂದ ಈ ಕಲ್ಲು ನೋಡಾಕ ಬಂದಿಯಾ, ತಲಿ ಕೆಟ್ಟದ ನಿಂದು. ಗಿಳಿ ಧೂಳು ತಿಂದು ಮಸುಕಾಗಿತ್ತು, ಕ್ಯಾಮೆರಾಕ್ಕೆ ಸಿಗುತ್ತಿರಲಿಲ್ಲ, ಆಗ ವಸೀಮ್ ಭಾಯ್ ಹೇಳಿದ್ದು ನೆನಪಾಯಿತು, ಚಿಕ್ಕಪ್ಪನ ಮಗ, ಹಾಳು ಗುಮ್ಮಟಗಳ ವಿಡಿಯೋ ಮಾಡುವುದನ್ನು ನನಗೆ ಕಲಿಸಿದವನು, ಕಲ್ಯಾಣದ ಕೋಟೆಯ ಬುರುಜಿನ ಮೇಲೆ ಕೂತು ಶೇಂಗಾ ಸುಲಿಯುತ್ತ — ಹಳೇ ಬಣ್ಣಕ್ಕ ಒಂಚೂರು ನೀರು ಉಗ್ಗು, ಹ್ಯಾಂಗ ಖುಲ್ತದ, ಹ್ಯಾಂಗ ಹೊಳೀತದ ನೋಡು, ಎಲ್ಲಾರೂ ಮಾಡ್ತಾರ, ಆಮ್ಯಾಲೆ ನೀರು ಉಗ್ಗಿದ್ದನ್ನ ವಿಡಿಯೋದಾಗಿಂದ ಕತ್ತರಿಸಿ ಒಗಿ. ನನ್ನ ಬಾಟಲಿ ಖಾಲಿ. ಅವ್ವಾ, ನೀರಡಿಕಿ ಆಗ್ಯಾದ ಅಂದೆ, ಅದೊಂದು ಸುಳ್ಳು, ಆಕೆ ಆಡುಗಳಿಗೆಂದು ಹೊತ್ತು ತಂದ ಕೊಡದಿಂದ ತಂಬಿಗೆ ತುಂಬಿ ಕೊಟ್ಟಳು, ಕುಡಿ ಮಗಳ, ಕುಡಿದು ಕೂಡು, ಎಂದು ಆಡುಗಳ ಹಿಂದೆ ಹೋದಳು, ನಾನು ಆ ನೀರನ್ನು ಗಿಳಿಯ ಮೇಲೆ ಉಗ್ಗಿದೆ. ಯಾ ಅಲ್ಲಾ, ಎಂಥಾ ಹಸಿರು! ನಿನ್ನೆ ಬರೆದಂಥ ಗಿಳಿ, ಆರಿತು, ಮತ್ತೆ ಉಗ್ಗಿದೆ, ಮತ್ತೆ, ಗೋಡೆ ಸಪ್ಪಳಿಲ್ಲದೆ ಕುಡಿಯಿತು, ಕೊರಳಿನಿಂದ ಒಂದು ಹಸಿರು ಹನಿ ಜಾರಿ ಕೆಳಗಿಳಿಯಿತು, ಬಣ್ಣ ಕರಗುತ್ತಿದೆ ಅಂತ ಆಗಲೇ ಗೊತ್ತಾಗಿತ್ತು, ಗೊತ್ತಿದ್ದೂ ಆ ಹನಿಯನ್ನು ಕ್ಯಾಮೆರಾದಲ್ಲಿ ಎಷ್ಟು ಹತ್ತಿರದಿಂದ ಹಿಡಿದೆ, ಎಷ್ಟು ಚಂದ ಅಂದುಕೊಂಡೆ. ಗಾರೆ ಉಬ್ಬಿದ್ದು, ಉದುರಿದ್ದು ಆಮೇಲೆ, ಉದುರಿದ ಮೇಲೆ ಆಡು ನೆಕ್ಕಿದ್ದು.

ಮೇಡಮ್, ನಿಮ್ಮ ವಿಡಿಯೋದಾಗ ಚೊಲೋ ಇತ್ತಲ್ಲ, ತೋರಸ್ರಿ ಈಕಿಗೆ — ಪಂಡರಿ ಈಗ ನನ್ನ ಕಡೆ ತಿರುಗಿದ್ದಾನೆ, ನನ್ನ ವಿಡಿಯೋ ಸಾಕ್ಷಿ, ನಾನು ಸಾಕ್ಷಿ, ಕೈ ತಾನಾಗಿಯೇ ಫೋನು ತೆಗೆದು ತೋರಿಸುತ್ತಿದೆ, ಗಿಳಿ ಹೊಳೆಯುತ್ತಿದೆ, ಧೂಳಮ್ಮ ಸೆರಗಿನಿಂದ ಬಿಸಿಲು ಮರೆಮಾಡಿ ಬಗ್ಗಿದ್ದಾಳೆ, ಅಯ್ಯ ನನ್ನವ್ವ, ಇಷ್ಟ್ ಚಂದ ಇತ್ತಾ, ದಿನಾ ಇಲ್ಲೇ ಇದ್ದು ನಾ ನೋಡೇ ಇಲ್ಲಲ್ಲ — ಹಿಂದೆ ತಿರುಗಿ ಆಡಿನ ಬೆನ್ನಿಗೆ ಒಂದು ಏಟು, ಇನ್ನೊಂದು, ತಿಂದ್ಯಲ್ಲ ಚಂದ್ರಿ, ಇಂಥಾದ್ದು ತಿಂದ್ಯಲ್ಲ, ಇಷ್ಟು ಹೊತ್ತು ನಕ್ಕವಳು ಈಗ ಅಳುತ್ತಿದ್ದಾಳೆ. ಹೇಳು ರುಬೀನಾ. ಕತ್ತರಿಸದ ವಿಡಿಯೋ ಇದರ ಪಕ್ಕದಲ್ಲೇ ಇದೆ, ತಂಬಿಗೆ, ನನ್ನ ಕೈ, ನನ್ನ ಬಳೆ, ಎಲ್ಲ ಇದೆ, ಹೆಬ್ಬೆರಳು ಅದರ ಮೇಲೇ ಇದೆ, ಒತ್ತಿದರೆ ಸಾಕು, ನಾಲಿಗೆಯೂ ಬೇಡ — ನಿಂದ ಉಪಕಾರ ಮಗಳ, ಫೋನ್ಯಾಗ ಅದರ ಮಾರಿಯರೆ ಉಳಿಸ್ದಿ, ಯಾಕ ಹಿಂಗ್ ನಿಂತಿ, ಬಾಯಿ ಒಣಗ್ಯಾದ ನಿಂದು, ತಗೋ, ಅದೇ ತಂಬಿಗೆ, ನಾನು ಕೈ ಚಾಚಿ ಇಸಿದುಕೊಂಡೆ, ತುಟಿಗೆ ಹಚ್ಚಿದೆ, ಒತ್ತದ ಹೆಬ್ಬೆರಳಿನ ಕೆಳಗೆ ಗಿಳಿ, ಗಿಳಿಯ ಕೊರಳಿನಲ್ಲಿ ಹನಿ, ಹಸಿರು ಹನಿ, ಜಾರುತ್ತಿಲ್ಲ, ಬೀಳುತ್ತಿಲ್ಲ, ಹಸಿರು ಹನಿ